ಫ್ಲೈ ಫಿಶಿಂಗ್ ಸಾಮಾನು: ನಾನು ಆರಿಸುವುದು ಮೀನಿನ ತುದಿಯಿಂದ

ಫ್ಲೈ ಫಿಶಿಂಗ್ ಶುರು ಮಾಡಬೇಕು ಅನ್ನುವವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಯಾವ ರಾಡ್ ತಗೊಳ್ಳಲಿ? ನಾನು ತಿರುಗಿ ಕೇಳುತ್ತೇನೆ, ಯಾವ ಮೀನು, ಎಂಥ ನೀರು ಅಂತ. ರಾಡ್‌ನಿಂದ ಶುರು ಮಾಡಿದರೆ ಮೀನಿನ ಬಾಯಿಯ ಹತ್ತಿರ ಬರುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ನನ್ನದು ಉಲ್ಟಾ ಲೆಕ್ಕ. ಮೊದಲು ಫ್ಲೈ, ಆಮೇಲೆ ಅದನ್ನು ಕಟ್ಟುವ ತೆಳು ದಾರ ಟಿಪ್ಪೆಟ್, ಟಿಪ್ಪೆಟನ್ನು ದಪ್ಪ ಲೈನಿಗೆ ಸೇರಿಸುವ ಲೀಡರ್, ಲೈನ್, ಆಮೇಲೆ ರಾಡ್. ರೀಲ್ ಕಟ್ಟಕಡೆಗೆ. ಮೀನು ನೋಡುವುದು ಮೊದಲಿನ ಎರಡನ್ನು ಮಾತ್ರ, ಅಲ್ವಾ?

ಹೊಸಬರಿಗೆ ಒಂದು ಮಾತು. ಮಾಮೂಲಿ ಗಾಳದಲ್ಲಿ ಎರೆಯ ಭಾರವೋ ಸೀಸದ ಗುಂಡಿನ ಭಾರವೋ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಫ್ಲೈಗೆ ಭಾರವೇ ಇಲ್ಲ. ಗಾಳಕ್ಕೆ ಪುಕ್ಕ, ಕೂದಲು, ನೂಲು ಸುತ್ತಿ ಹುಳುವಿನ ರೂಪ ಕೊಟ್ಟಿರುತ್ತಾರೆ ಅಷ್ಟೆ. ಭಾರ ಇರುವುದು ದಪ್ಪನೆಯ ಲೈನ್‌ನಲ್ಲಿ. ನಾವು ಬೀಸುವುದು ಲೈನನ್ನು, ಫ್ಲೈ ಸುಮ್ನೆ ಅದರ ಹಿಂದೆ ಹೋಗುತ್ತದೆ. ಇದು ತಲೆಗೆ ಹೋದರೆ ಉಳಿದ ಸಾಮಾನು ಯಾಕೆ ಹಾಗಿದೆ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಹೊಳೆ ಮುಟ್ಟಿದ ಕೂಡಲೇ ನಾನು ರಾಡ್ ಜೋಡಿಸುವುದಿಲ್ಲ. ಮೊಣಕಾಲುದ್ದ ನೀರಿಗೆ ಇಳಿದು ಒಂದೆರಡು ಕಲ್ಲು ಎತ್ತಿ ಮಗುಚಿ, ಮೀನು ತಿನ್ನುವ ಹುಳು ಯಾವುದಿದೆ ಅಂತ ನೋಡುತ್ತೇನೆ. ಹೊಟ್ಟೆಯ ಎರಡೂ ಬದಿಗೆ ಕಿವಿರು ಅಲ್ಲಾಡಿಸುತ್ತಾ, ಬಾಲದ ಕಡೆ ಸಾಮಾನ್ಯವಾಗಿ ಮೂರು ಎಳೆ ಇಟ್ಟುಕೊಂಡು ಓಡುವುದು ಮೇಫ್ಲೈ ಮರಿ. ಎರಡು ಬಾಲ, ಗಟ್ಟಿ ಮೈ ಇದ್ದರೆ ಹೆಚ್ಚಾಗಿ ಸ್ಟೋನ್‌ಫ್ಲೈ. ಮರಳು, ಕಡ್ಡಿ ಚೂರು ಅಂಟಿಸಿಕೊಂಡು ಕೊಳವೆ ಥರದ ಗೂಡಿನೊಳಗೆ ಕೂತಿದ್ದರೆ ಕ್ಯಾಡಿಸ್. ಹೆಸರು ಗೊತ್ತಾಗದಿದ್ದರೂ ಚಿಂತೆಯಿಲ್ಲ. ಅಳತೆ ನೋಡಿಕೊಳ್ಳಿ, ಆಮೇಲೆ ಆಕಾರ, ಕೊನೆಗೆ ಬಣ್ಣ. ಬಣ್ಣ ಸ್ವಲ್ಪ ಆಚೀಚೆ ಆದರೂ ಮೀನು ತಿನ್ನುತ್ತದೆ, ಅಳತೆ ಎರಡು ಪಟ್ಟಾದರೆ ಮೂಸಿಯೂ ನೋಡುವುದಿಲ್ಲ.

ಅಳತೆಯ ನಂಬರ್ ಮೊದಮೊದಲು ಗೊಂದಲ ಮಾಡುತ್ತದೆ. ನಂಬರ್ ಜಾಸ್ತಿಯಾದಷ್ಟೂ ಗಾಳ ಚಿಕ್ಕದು. 10 ದೊಡ್ಡದು, 16 ಚಿಕ್ಕದು, 22 ಅಂದರೆ ಕನ್ನಡಕ ಹುಡುಕಬೇಕು.

ನನ್ನ ಡಬ್ಬಿಯಲ್ಲಿ ತುಂಬಾ ಜಾತಿಯ ಫ್ಲೈ ಇಲ್ಲ. ನೀರಿನ ಮೇಲೆ ತೇಲುವ ಡ್ರೈ ಫ್ಲೈಗೆ ಆಡಮ್ಸ್ ಮತ್ತು ಎಲ್ಕ್ ಹೇರ್ ಕ್ಯಾಡಿಸ್, 14 ಮತ್ತು 16ರಲ್ಲಿ. ಆಡಮ್ಸ್ 1922ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಲೆನ್ ಹ್ಯಾಲಡೇ ಕಟ್ಟಿದ್ದು. ಯಾವುದೋ ಒಂದೇ ಹುಳುವಿನ ನಕಲಲ್ಲ, ಬೂದು ಬಣ್ಣದ ಎಲ್ಲ ಹುಳುಗಳ ಹಾಗೂ ಕಾಣುತ್ತದೆ, ಅದಕ್ಕೇ ಇನ್ನೂ ಎಲ್ಲರ ಡಬ್ಬಿಯಲ್ಲೂ ಇದೆ. ನೀರೊಳಗೆ ಇಳಿಸುವ ಫ್ಲೈಗೆ, ಅಂದರೆ ನಿಂಫ್‌ಗೆ, ಫೆಸಂಟ್ ಟೇಲ್ ಮತ್ತು ಹೇರ್ಸ್ ಇಯರ್. ಫೆಸಂಟ್ ಟೇಲ್ ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಅವರ ಕೈಚಳಕ. ನೂಲೇ ಬಳಸದೆ ಬರೀ ತೆಳು ತಾಮ್ರದ ತಂತಿ ಮತ್ತು ಪುಕ್ಕದ ಎಳೆಯಲ್ಲಿ ಕಟ್ಟಿದ್ದು. ತಂತಿ ಭಾರವೂ ಆಯ್ತು, ಹುಳುವಿನ ಮೈಯೂ ಆಯ್ತು. ಇವುಗಳ ಜೊತೆ ಕಪ್ಪು ಮತ್ತು ಆಲಿವ್ ಬಣ್ಣದ ವೂಲಿ ಬಗರ್. ಬಾಸ್ ಥರದ ಬೇಟೆಗಾರ ಮೀನಿಗೆ ಕ್ಲೌಸರ್ ಮಿನ್ನೋ. ಅದರ ಭಾರದ ಕಣ್ಣಿನಿಂದಾಗಿ ಎಳೆದಾಗ ಏಳುತ್ತದೆ, ಬಿಟ್ಟಾಗ ಮೂಗು ಕೆಳಗೆ ಮಾಡಿ ಇಳಿಯುತ್ತದೆ. ಮೀನು ಹೆಚ್ಚಾಗಿ ಕಚ್ಚುವುದು ಆ ಇಳಿಯುವ ಹೊತ್ತಿನಲ್ಲೇ.

ಡ್ರೈ ಫ್ಲೈ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಹೊಳೆಯ ಮೀನು ತಿನ್ನುವುದರಲ್ಲಿ ಬಹುಪಾಲು ನೀರೊಳಗೇ ಸಿಗುತ್ತದೆ. ಮೇಲೆ ಬಾಯಿ ಹಾಕುವುದು ಕಾಣದಿದ್ದರೆ ನಾನು ಹಟ ಮಾಡುವುದಿಲ್ಲ, ನಿಂಫ್ ಇಳಿಸುತ್ತೇನೆ. ಎರಡೂ ಬೇಕು ಅನ್ನಿಸಿದರೆ ತೇಲುವ ಕ್ಯಾಡಿಸ್‌ನ ಗಾಳದ ಬಾಗಿಗೆ ಒಂದೂವರೆ ಅಡಿ ಟಿಪ್ಪೆಟ್ ಕಟ್ಟಿ ಅದರ ತುದಿಗೆ ಚಿಕ್ಕ ನಿಂಫ್. ಮೇಲಿನದು ಮುಳುಗಿದರೆ ಕೆಳಗಿನದನ್ನು ಮೀನು ಹಿಡಿದಿದೆ ಅಂತ ಅರ್ಥ.

ಈಗ ಟಿಪ್ಪೆಟ್. ಇಡೀ ಸಾಮಾನಿನಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಮೂರ್ನಾಲ್ಕು ಅಡಿ ದಾರ. ಇದರ ದಪ್ಪವನ್ನು ಎಕ್ಸ್‌ನಲ್ಲಿ ಹೇಳುತ್ತಾರೆ. 0 ಎಕ್ಸ್ ಅಂದರೆ 0.011 ಇಂಚು, ಒಂದೊಂದು ಎಕ್ಸ್ ಏರಿದಾಗ 0.001 ಇಂಚು ಕಮ್ಮಿ. ಹಾಗಾಗಿ 5 ಎಕ್ಸ್ ಅಂದರೆ 0.006 ಇಂಚು, ಸುಮಾರು 0.15 ಮಿಲಿಮೀಟರ್. ಯಾವ ಫ್ಲೈಗೆ ಯಾವುದು ಅಂತ ನೆನಪಿಡಲು ಸುಲಭದ ಲೆಕ್ಕವಿದೆ, ಫ್ಲೈ ನಂಬರನ್ನು 3ರಿಂದ ಭಾಗಿಸಿ. 16ಕ್ಕೆ 5 ಎಕ್ಸ್, 12ಕ್ಕೆ 4 ಎಕ್ಸ್. ದಪ್ಪ ದಾರಕ್ಕೆ ಚಿಕ್ಕ ಫ್ಲೈ ಕಟ್ಟಿದರೆ ಅದು ಕೊರಡಿನ ಹಾಗೆ ಸೆಟೆದು ನಿಲ್ಲುತ್ತದೆ. ತೆಳು ದಾರಕ್ಕೆ ದೊಡ್ಡ ಫ್ಲೈ ಕಟ್ಟಿದರೆ ಬೀಸುವಾಗಲೇ ತಿರುಚಿಕೊಳ್ಳುತ್ತದೆ.

ನೈಲಾನ್ ಒಳ್ಳೆಯದಾ, ಫ್ಲೋರೋಕಾರ್ಬನ್ ಒಳ್ಳೆಯದಾ ಅಂತ ಜಗಳ ನಡೆಯುತ್ತಲೇ ಇರುತ್ತದೆ. ನನ್ನ ಪಾಲಿಗೆ ಜಗಳವೇ ಇಲ್ಲ. ಡ್ರೈ ಫ್ಲೈಗೆ ನೈಲಾನ್, ಯಾಕೆಂದರೆ ಮೆತ್ತಗಿರುತ್ತದೆ, ಬೇಗ ಮುಳುಗುವುದಿಲ್ಲ. ನಿಂಫ್‌ಗೆ ಫ್ಲೋರೋಕಾರ್ಬನ್, ಅದು ಮುಳುಗುತ್ತದೆ, ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ನೈಲಾನ್ ಬಿಸಿಲಿಗೆ ಹಾಳಾಗುತ್ತದೆ, ಹಳೇ ಉರುಳೆಯ ದಾರವನ್ನು ಜಗ್ಗಿ ನೋಡದೆ ಕಟ್ಟಬೇಡಿ.

ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡುತ್ತೇನೆ, ಒಣ ಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ದಾರವೇ ಸೋಲುತ್ತದೆ. ನಿಧಾನಕ್ಕೆ ಎಳೆದು, ಸುತ್ತುಗಳು ಒಂದರ ಪಕ್ಕ ಒಂದು ಒತ್ತಾಗಿ ಕೂತಿವೆಯಾ ಅಂತ ಬೆಳಕಿಗೆ ಹಿಡಿದು ನೋಡುತ್ತೇನೆ. ಒಂದರ ಮೇಲೊಂದು ಏರಿದ್ದರೆ ಕತ್ತರಿಸಿ ಹೊಸದು. ಮೀನು ತಪ್ಪಿಸಿಕೊಂಡರೆ ಬೈಯುವ ಮೊದಲು ದಾರದ ತುದಿ ನೋಡಿ. ಹಂದಿ ಬಾಲದ ಥರ ಸುರುಳಿ ಸುತ್ತಿಕೊಂಡಿದ್ದರೆ ಗಂಟು ಜಾರಿದೆ. ಸುರುಳಿ ಇಲ್ಲದೆ ನೇರವಾಗಿ ತುಂಡಾಗಿದ್ದರೆ ದಾರವೇ ಕಡಿದಿದೆ. ತುದಿ ಮುಟ್ಟಿದಾಗ ದೊರಗು ದೊರಗಾಗಿದ್ದರೆ ಕಲ್ಲಿಗೆ ಸವೆದಿದೆ, ಅಷ್ಟೂ ಉದ್ದ ಬದಲಾಯಿಸಿ. ಬೀಸುವಾಗ ದಾರದ ನಡುವೆ ತಾನಾಗಿ ಬೀಳುವ ಚಿಕ್ಕ ಗಂಟುಗಳಿವೆಯಲ್ಲ, ಅವನ್ನೂ ಹಾಗೇ ಬಿಡಬೇಡಿ. ದಾರ ಮೊದಲು ಕಡಿಯುವುದೇ ಅಲ್ಲಿ.

ಇಷ್ಟೆಲ್ಲ ದಾರದ ಚಿಂತೆ ಯಾಕೆ ಅಂದರೆ ಸೆಳೆತ. ನೀರಿನ ಮೇಲೆ ಬಿದ್ದ ನಿಜವಾದ ಹುಳು ನೀರು ಹೋದ ವೇಗಕ್ಕೇ ಹೋಗುತ್ತದೆ, ಅದಕ್ಕೆ ದಾರ ಇರುವುದಿಲ್ಲ. ನಮ್ಮ ಫ್ಲೈಗೆ ದಾರ ಇದೆ. ನಡುವೆ ಜೋರು ನೀರಿದ್ದರೆ ಅದು ಲೈನನ್ನು ಮೊದಲು ಹರಿವಿನ ಕೆಳಗಡೆಗೆ ಒಯ್ಯುತ್ತದೆ, ಲೈನ್ ಫ್ಲೈಯನ್ನು ಎಳೆಯುತ್ತದೆ. ದೂರದಿಂದ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಹತ್ತಿರದಿಂದ ನೋಡಿದರೆ ಫ್ಲೈ ಹಿಂದೆ ಒಂದು ತೆಳು ಗೆರೆ ಮೂಡಿರುತ್ತದೆ. ಟ್ರೌಟ್ ಮೇಲೆದ್ದು ಬರುತ್ತದೆ, ಮೂಗನ್ನು ಫ್ಲೈ ಅಡಿಗೆ ತಂದು ಅದರ ಜೊತೆಗೇ ಹಿಂದಕ್ಕೆ ತೇಲುತ್ತಾ ಬರುತ್ತದೆ, ಆ ಗೆರೆ ಮೂಡಿದ ಕ್ಷಣ ಮೆಲ್ಲಗೆ ಪಕ್ಕಕ್ಕೆ ತಿರುಗಿ ಹೋಗುತ್ತದೆ. ಜನ ಆಗ ಫ್ಲೈ ಬದಲಾಯಿಸುತ್ತಾರೆ. ನಾನು ಫ್ಲೈ ಬದಲಾಯಿಸುವ ಮೊದಲು ನಿಂತ ಜಾಗ ಬದಲಾಯಿಸುತ್ತೇನೆ. ಎರಡು ಹೆಜ್ಜೆ ಮುಂದೆ ಹೋದರೆ ನಡುವಿನ ಜೋರು ನೀರಿನ ಮೇಲೆ ಲೈನ್ ಬೀಳುವುದೇ ಇಲ್ಲ. ಆಗಲಿಲ್ಲವಾ, ಟಿಪ್ಪೆಟ್ ಎರಡಡಿ ಉದ್ದ ಮಾಡುತ್ತೇನೆ, ಅದು ಸಡಿಲವಾಗಿ ಬಿದ್ದು ಬಿಚ್ಚಿಕೊಳ್ಳುವಷ್ಟು ಹೊತ್ತು ಫ್ಲೈ ಹಾಯಾಗಿ ತೇಲುತ್ತದೆ. ಅದೂ ಸಾಲದಿದ್ದರೆ ಲೈನ್ ಬಿದ್ದ ಕೂಡಲೇ ರಾಡ್ ತುದಿಯಿಂದ ಅದನ್ನು ಎತ್ತಿ ಹರಿವಿನ ಮೇಲ್ಗಡೆಗೆ ಹಾಕುವುದು, ಇದಕ್ಕೇ ಮೆಂಡಿಂಗ್ ಅನ್ನುವುದು. ಫ್ಲೈ ಅಲುಗಬಾರದು, ಲೈನ್ ಮಾತ್ರ ಸರಿಯಬೇಕು.

ನಿಂಫ್‌ಗೂ ಇದೇ ಕತೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ತಳದ ನೀರು ಮೇಲಿನ ನೀರಿಗಿಂತ ನಿಧಾನ. ಹಾಗಾಗಿ ನನ್ನ ಇಂಡಿಕೇಟರ್, ಅಂದರೆ ದಾರಕ್ಕೆ ಕಟ್ಟಿದ ತೇಲುವ ಗುರುತು, ಪಕ್ಕದ ನೊರೆಗಿಂತ ತುಸು ಹಿಂದೆ ಬೀಳುತ್ತಿದ್ದರೆ ನಿಂಫ್ ತಳದ ಹತ್ತಿರ ಇದೆ ಅಂತ ಖುಷಿ. ನೊರೆಯ ಜೊತೆಗೇ ಓಡುತ್ತಿದ್ದರೆ ಆಳ ಸಾಲದು. ಇಂಡಿಕೇಟರ್‌ನಿಂದ ನಿಂಫ್‌ಗೆ ನೀರಿನ ಆಳದ ಒಂದೂವರೆ ಪಟ್ಟು ದಾರ ಬಿಟ್ಟು ಶುರು ಮಾಡಿ. ಆಗಾಗ ತಳದ ಕಲ್ಲಿಗೆ ತಗುಲುತ್ತಿರಬೇಕು. ಒಂದೂ ಫ್ಲೈ ಕಳೆದುಕೊಳ್ಳದವನು ಮೀನಿರುವ ಆಳಕ್ಕೆ ಇಳಿಸಿಯೇ ಇಲ್ಲ ಅಂತ ನನ್ನ ಅನುಮಾನ.

ಲೀಡರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, 9 ಅಡಿಯ, ಬುಡ ದಪ್ಪ ತುದಿ ತೆಳು ಇರುವ ಸಿದ್ಧ ಲೀಡರ್ ಸಾಕು. ಗಾಳಿ ಜೋರಿದ್ದರೆ ಏಳೂವರೆ, ನೀರು ನಿಂತು ತಿಳಿಯಾಗಿದ್ದರೆ 12.

ದುಡ್ಡು ಹಾಕುವುದಾದರೆ ಲೈನ್‌ಗೆ ಹಾಕಿ. ಸಾಧಾರಣ ರಾಡ್ ಮೇಲೆ ಒಳ್ಳೆ ಲೈನ್ ಚೆನ್ನಾಗಿಯೇ ಹೋಗುತ್ತದೆ, ದುಬಾರಿ ರಾಡ್ ಮೇಲೆ ಕೆಟ್ಟ ಲೈನ್ ಹೋಗುವುದಿಲ್ಲ. ಡಬ್ಬದ ಮೇಲೆ ಡಬ್ಲ್ಯೂಎಫ್ 5 ಎಫ್ ಅಂತ ಬರೆದಿದ್ದರೆ ಭಾರ ಮುಂದಿನ ಭಾಗದಲ್ಲಿದೆ, 5ನೇ ನಂಬರ್, ತೇಲುವಂಥದ್ದು ಅಂತ. ಮೊದಲ ಲೈನ್ ಇದೇ ಇರಲಿ. ಆಳದ ಕೆರೆಯಲ್ಲಿ ಮೀನಿಗಾಗಿ ಮುಳುಗುವ ಲೈನ್ ಆಮೇಲೆ ತಗೊಂಡರಾಯ್ತು. ಅದನ್ನು ಬಳಸುವಾಗ ಲೈನ್ ಬಿದ್ದ ಮೇಲೆ ಮನಸ್ಸಲ್ಲೇ ಎಣಿಸುತ್ತೇನೆ, ಹತ್ತಕ್ಕೆ ಎಳೆಯಲು ಶುರು, ಮುಂದಿನ ಸಲ ಹದಿನೈದಕ್ಕೆ, ಆಮೇಲೆ ಇಪ್ಪತ್ತಕ್ಕೆ. ಮೀನು ಎಳೆದ ಎಣಿಕೆಯೇ ಅದು ಇರುವ ಆಳ. ಕೊಳೆ ಹಿಡಿದ ತೇಲುವ ಲೈನ್ ತುದಿಯಿಂದ ಮುಳುಗಲು ಶುರುವಾಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೌಮ್ಯ ಸೋಪು ಹಾಕಿ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಸದರ ಹಾಗೆ ಜಾರುತ್ತದೆ.

ರಾಡ್‌ನ ನಂಬರ್ ಲೈನ್‌ನ ತೂಕದ ನಂಬರೇ. ಲೈನ್‌ನ ಮೊದಲ 30 ಅಡಿಯ ತೂಕದ ಮೇಲೆ ಅದು ನಿಂತಿದೆ, 5ಕ್ಕೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. 8ಕ್ಕೆ 210 ಗ್ರೇನ್. ಮೀನಿನ ಗಾತ್ರಕ್ಕಿಂತ ಫ್ಲೈ ಗಾತ್ರ ಮತ್ತು ಗಾಳಿ ನೋಡಿ ನಂಬರ್ ಆರಿಸಬೇಕು ಅನ್ನುವುದು ನನ್ನ ಲೆಕ್ಕ. ಭಾರದ ಕ್ಲೌಸರನ್ನು 4ನೇ ನಂಬರಿನ ಲೈನ್ ಹೊರಲಾರದು, ಅದು ತಲೆಯ ಹಿಂಭಾಗಕ್ಕೆ ಬಂದು ಬಡಿಯುತ್ತದೆ. ಚಿಕ್ಕ ತೊರೆಗೆ ಏಳೂವರೆ ಅಡಿಯ 3ನೇ ನಂಬರ್, ಎಲ್ಲದಕ್ಕೂ ಒಂದೇ ಅಂದರೆ 9 ಅಡಿಯ 5ನೇ ನಂಬರ್, ಬಾಸ್, ಕಾರ್ಪ್‌ಗೆ 7 ಅಥವಾ 8, ಪೈಕ್‌ಗೆ 8 ಅಥವಾ 9. ಪೈಕ್‌ಗೆ ಹೋಗುವುದಾದರೆ ಫ್ಲೈ ಮುಂದೆ ತಂತಿಯ ತುಂಡು ಇರಲೇಬೇಕು, ಹಲ್ಲು ದಾರವನ್ನು ಕತ್ತರಿಸಿಬಿಡುತ್ತದೆ. ಕಲಿಯುವವರಿಗೆ ತೀರಾ ಗಡುಸಾದ ರಾಡ್ ಬೇಡ. ಸ್ವಲ್ಪ ಬಾಗುವ, ಮಧ್ಯಮ ಹದದ್ದು ಇದ್ದರೆ ಲೈನಿನ ಭಾರ ಕೈಗೆ ತಿಳಿಯುತ್ತದೆ.

ಬೀಸುವಾಗ ಬಲ ಬೇಡ, ಕಾಯುವುದು ಬೇಕು. ಹಿಂದಕ್ಕೆ ಬೀಸಿ ನಿಲ್ಲಿಸಿ, ಲೈನ್ ಹಿಂದೆ ಪೂರ್ತಿ ಬಿಚ್ಚಿಕೊಳ್ಳಲಿ, ಆಮೇಲೆ ಮುಂದಕ್ಕೆ. ಹಿಂದೆ ಚಟ್ ಅಂತ ಸದ್ದು ಬಂದರೆ ಬೇಗ ಮಾಡಿದಿರಿ ಅಂತ, ಫ್ಲೈಯೂ ಹೋಗಿರಬಹುದು. ಕತ್ತು ತಿರುಗಿಸಿ ಲೈನ್ ನೋಡಲು ನಾಚಿಕೆ ಬೇಡ, ನಾನು ಈಗಲೂ ನೋಡುತ್ತೇನೆ. ಹಿಂದೆ ಮರವಿದ್ದರೆ ರೋಲ್ ಕಾಸ್ಟ್, ಅಂದರೆ ಲೈನನ್ನು ಹಿಂದಕ್ಕೆ ಬೀಸದೆ ಮುಂದಕ್ಕೆ ಉರುಳಿಸುವುದು. ದೂರ ಎಸೆಯುವ ಹುಚ್ಚು ಹೊಳೆಯಲ್ಲಿ ಬೇಕಿಲ್ಲ, 30 ಅಡಿಯೊಳಗೆ ಸರಿಯಾಗಿ ಬಿದ್ದರೆ ಮೀನು ಸಿಗುತ್ತದೆ.

ಹತ್ತಿರ ಹೋಗಲು ಮೀನಿನ ಕಣ್ಣು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿರಬೇಕು. ಹೊರಗಿನ ಲೋಕ ಅದಕ್ಕೆ ತಲೆಯ ಮೇಲೆ ಸುಮಾರು 97 ಡಿಗ್ರಿಯ ಒಂದು ಗುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ದಡದಲ್ಲಿ ಬಗ್ಗಿ ಕೂತವನು ಆ ಕಿಟಕಿಯ ಅಂಚಿಗೆ ಸರಿದುಹೋಗುತ್ತಾನೆ, ನೆಟ್ಟಗೆ ನಿಂತವನು ಕಾಣಿಸಿಕೊಳ್ಳುತ್ತಾನೆ. ಮೀನು ಹರಿವಿಗೆ ಎದುರಾಗಿ ನಿಲ್ಲುವುದರಿಂದ ಹಿಂದಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗುತ್ತೇನೆ. ಜೋರು ನೀರು, ನಿಧಾನ ನೀರು ಸೇರುವ ಗೆರೆ, ಬಂಡೆಯ ಮುಂದೆ ಮತ್ತು ಹಿಂದೆ, ಮಡುವಿಗೆ ನೀರು ಬೀಳುವ ಬಾಯಿ, ದಡ ಕೊರೆದ ನೆರಳು, ಇಷ್ಟನ್ನು ಮೊದಲು ಹುಡುಕಿ. ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಇಲ್ಲದೆ ಹೋಗಬೇಡಿ. ಗಾಳ ಕಣ್ಣಿಗೆ ಚುಚ್ಚದಂತೆ ಕಾಯುವುದೂ ಅದೇ.

ಟ್ರೌಟ್ ಕಚ್ಚಿದರೆ ರಾಡ್ ಮೆಲ್ಲಗೆ ಮೇಲೆತ್ತಿದರೆ ಸಾಕು. ಬಾಸ್, ಪೈಕ್‌ಗೆ ಹಾಗೆ ಮಾಡಿದರೆ ಫ್ಲೈ ಬಾಯಿಂದ ಹೊರಗೆ. ರಾಡ್ ಕೆಳಗೇ ಇಟ್ಟು ಎಡಗೈಯಿಂದ ಲೈನನ್ನು ಜೋರಾಗಿ ಎಳೆಯಬೇಕು. ಕೈಗೆ ಅಭ್ಯಾಸವಾಗುವವರೆಗೆ ಇದು ಕಷ್ಟ.

ರೀಲ್? 5ನೇ ನಂಬರಿನವರೆಗೆ ಲೈನ್ ಸುತ್ತಿಡುವ ಉರುಳೆ ಅಷ್ಟೆ. ಜಪಾನಿನ ತೆಂಕಾರಾ ಪದ್ಧತಿಯಲ್ಲಂತೂ ರೀಲೇ ಇಲ್ಲ, ರಾಡ್ ತುದಿಗೇ ದಾರ. ದೊಡ್ಡ ಕಾರ್ಪ್ ಓಡಲು ಶುರು ಮಾಡಿದರೆ ಮಾತ್ರ ಒಳ್ಳೆ ಡ್ರ್ಯಾಗ್, ಅಂದರೆ ರೀಲಿನ ಬ್ರೇಕ್, ಮತ್ತು ಲೈನಿನ ಹಿಂದೆ ಸಾಕಷ್ಟು ಹೆಚ್ಚುವರಿ ದಾರ, ಅಂದರೆ ಬ್ಯಾಕಿಂಗ್ ಬೇಕು.

ಗಾಳದ ತುದಿಯ ಹತ್ತಿರದ ಹಿಮ್ಮುಖ ಮುಳ್ಳನ್ನು ನಾನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡುತ್ತೇನೆ. ದಾರ ಸಡಿಲ ಬಿಡದಿದ್ದರೆ ಮೀನು ಹೋಗುವುದಿಲ್ಲ, ಬಿಡಿಸುವುದೂ ಸಲೀಸು, ನನ್ನ ಬೆರಳಿಗೆ ಚುಚ್ಚಿದಾಗಲಂತೂ ಇನ್ನೂ ಸಲೀಸು. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಬೇಕು, ನೀರಲ್ಲೇ ಇಟ್ಟು ಬಿಡಿಸಬೇಕು. ಜೇಬಲ್ಲಿ ಒಂದು ಥರ್ಮಾಮೀಟರ್ ಇರುತ್ತದೆ. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಟ್ರೌಟ್‌ಗೆ ಗಾಳ ಹಾಕುವುದಿಲ್ಲ. ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ, ಹೋರಾಡಿ ಸುಸ್ತಾದ ಮೀನು ಬಿಟ್ಟರೂ ಉಳಿಯುವುದು ಕಷ್ಟ. ಅಂಥ ದಿನ 7ನೇ ನಂಬರ್ ರಾಡ್ ತಗೊಂಡು ಕೆರೆ ಕಡೆ ಹೋಗುತ್ತೇನೆ, ಕಾರ್ಪ್‌ಗೆ ಆ ಬಿಸಿ ಲೆಕ್ಕಕ್ಕೇ ಇಲ್ಲ.