ಕೊನೇ ಬೋಗಿಯಲ್ಲಿ ಮೂರಡಿ ನೆಲ

ನಾನು ಮಂಡ್ಯದವಳು. ಕೆಲಸ ಮೈಸೂರಿನ ಒಂದು ಖಾಸಗಿ ಕಚೇರಿಯಲ್ಲಿ, ಲೆಕ್ಕ ಬರೆಯುವುದು. ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಬಂದ ಮೇಲೂ ಕೆಲಸ ಬಿಡುವ ಮನಸ್ಸಾಗಲಿಲ್ಲ. ದೂರ ಸುಮಾರು 45 ಕಿಲೋಮೀಟರ್ ಅಷ್ಟೇ. ಆದರೆ ಆ ದಾರಿಯಲ್ಲಿ ನನ್ನ ಕುರ್ಚಿಗೆ ಒಂದು ಜಾಗ ಮಾಡಿಕೊಳ್ಳೋಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ನನ್ನ ಹಾಗೇ ಓಡಾಡಬೇಕಾದವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಬಸ್ಸಿನಲ್ಲಿ ಹೋಗಿ ನೋಡಿದೆ. ಅಂಗವಿಕಲರ ಪಾಸ್ ಇತ್ತು. ಆದರೆ ಮೆಟ್ಟಿಲಿನ ಬಸ್ಸಿಗೆ ತಮ್ಮ ನನ್ನನ್ನು ಎತ್ತಿಕೊಂಡೇ ಹತ್ತಬೇಕು. ಕುರ್ಚಿ ಮಡಚಿ ಇನ್ನೊಬ್ಬರ ಕೈಗೆ ಕೊಡಬೇಕು. ದಿನಾ ಆಗುವ ಮಾತಲ್ಲ. ಹಾಗಾಗಿ ರೈಲು ಹಿಡಿದೆ.

ರೈಲಿನಲ್ಲಿ ಅಂಗವಿಕಲರಿಗೆ ಬೇರೆ ಬೋಗಿ ಇರುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಪೂರ್ತಿ ಬೋಗಿ ಅಲ್ಲ. ಲಗೇಜು, ಗಾರ್ಡ್ ಕೋಣೆ ಇರುವ ಬೋಗಿಯಲ್ಲೇ ಒಂದು ಭಾಗ. ಬಾಗಿಲು ಅಗಲ, ಶೌಚಾಲಯ ದೊಡ್ಡದು, ಗೋಡೆಗೆ ಹಿಡಿದುಕೊಳ್ಳಲು ಕಂಬಿ. ನನ್ನ ಕುರ್ಚಿ 25 ಇಂಚು ಅಗಲ. ಬೇರೆ ಬೋಗಿಯ ಬಾಗಿಲಲ್ಲಿ ಸಿಕ್ಕಿಕೊಳ್ಳುವುದು ಇಲ್ಲಿ ಸಲೀಸಾಗಿ ಒಳಗೆ ಹೋಗುತ್ತದೆ. ತೊಂದರೆ ಏನೆಂದರೆ, ಅದು ರೈಲಿನ ತುದಿಯಲ್ಲಿರುತ್ತದೆ. ಮಂಡ್ಯದಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಬಂದ ಮೇಲೆ ಹುಡುಕಿಕೊಂಡು ಹೋಗುತ್ತೇನೆ ಅಂದರೆ ಮುಗಿಯಿತು. ಅದಕ್ಕೇ ಅರ್ಧ ಗಂಟೆ ಮುಂಚೆ ಹೋಗಿ, ಆವತ್ತು ಆ ಬೋಗಿ ಮುಂದಿದೆಯೋ ಹಿಂದಿದೆಯೋ ಅಂತ ಸ್ಟೇಷನ್‌ನಲ್ಲಿ ಕೇಳಿಕೊಳ್ಳುತ್ತೇನೆ. ನಿನ್ನೆ ಹಿಂದಿತ್ತು ಅಂತ ಇವತ್ತೂ ಅಲ್ಲೇ ಕಾಯಬೇಡಿ.

ಹತ್ತಿಸುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೋಗಿಯ ನೆಲ ಪ್ಲಾಟ್‌ಫಾರ್ಮಿಗಿಂತ ಎತ್ತರ, ನಡುವೆ ಸಂದು ಬೇರೆ. ಕುರ್ಚಿಯನ್ನು ತಿರುಗಿಸಿ, ಬೆನ್ನು ಬಾಗಿಲ ಕಡೆಗೆ ಮಾಡಬೇಕು. ಒಬ್ಬರು ಮೇಲೆ ನಿಂತು ಹಿಂದಿನ ಹಿಡಿಗಳನ್ನು ಎಳೆಯಬೇಕು. ಇಬ್ಬರು ಕೆಳಗಿನಿಂದ ಎರಡೂ ಪಕ್ಕದಲ್ಲಿ ಎತ್ತಬೇಕು. ಎಲ್ಲಿ ಹಿಡಿಯಬೇಕು ಅಂತ ಮೊದಲೇ ಕೈ ಮುಟ್ಟಿ ತೋರಿಸಿ. ಸೀಟಿನ ಕೆಳಗಿನ ಕಬ್ಬಿಣದ ಚೌಕಟ್ಟು ಹಿಡಿಯಬೇಕು. ಕೈ ಇಡುವ ಪಟ್ಟಿ, ಕಾಲಿಡುವ ತಟ್ಟೆ ಎರಡೂ ಕಳಚಿ ಬರುತ್ತವೆ. ಒಂದು ಸಲ ಸಹಾಯಕ್ಕೆ ಬಂದ ಹುಡುಗ ಕೈಪಟ್ಟಿ ಹಿಡಿದು ಜಗ್ಗಿದ. ಅದು ಅವನ ಕೈಯಲ್ಲೇ ಬಂತು. ಕುರ್ಚಿ ಎಡಕ್ಕೆ ವಾಲಿತು. ತಮ್ಮ ಭುಜ ಕೊಟ್ಟು ತಡೆದ. ಆ ಸಂದಿನಲ್ಲಿ ಕೆಳಗೆ ಕಂಡ ಹಳಿ, ಜಲ್ಲಿಕಲ್ಲು ಈಗಲೂ ಕಣ್ಣಮುಂದಿದೆ. ಆಮೇಲಿಂದ ಎತ್ತುವ ಮುಂಚೆ ಇಬ್ಬರ ಕೈ ಎಲ್ಲಿದೆ ಅಂತ ನೋಡಿಯೇ "ಈಗ ಎತ್ತಿ" ಅನ್ನುತ್ತೇನೆ.

ಹತ್ತಿದ ಮೇಲೆ ನಿಜವಾದ ಕಷ್ಟ. ಬೆಳಗಿನ ಗಾಡಿ ಬೆಂಗಳೂರಿನಿಂದ ತುಂಬಿಕೊಂಡು ಬರುತ್ತದೆ. ಮದ್ದೂರಿನಲ್ಲಿ ಇನ್ನಷ್ಟು ಜನ. ನಮ್ಮ ಬೋಗಿಯ ಬೆಂಚಿನಲ್ಲೆಲ್ಲ ಬೇರೆಯವರು, ಬಾಗಿಲ ಪಕ್ಕದ ಖಾಲಿ ನೆಲದಲ್ಲಿ ಸೊಪ್ಪಿನ ಗಂಟು, ಹೂವಿನ ಮೂಟೆ. ಶುರುವಿನಲ್ಲಿ ನಾನು ಕಾನೂನು ಹೇಳುತ್ತಿದ್ದೆ. 1989ರ ರೈಲ್ವೆ ಕಾಯ್ದೆಯ 155ನೇ ಕಲಂ ಬಾಯಿಪಾಠ ಆಗಿತ್ತು. ಕಾಯ್ದಿರಿಸಿದ ಜಾಗದಲ್ಲಿ ಕೂತು, ಹೇಳಿದರೂ ಬಿಡದವರನ್ನು ರೈಲ್ವೆಯವರು ಎಬ್ಬಿಸಬಹುದು, 500 ರೂಪಾಯಿವರೆಗೆ ದಂಡವೂ ಬೀಳಬಹುದು. ಅದನ್ನು ಹೇಳಿದ ತಕ್ಷಣ ಜನರ ಮುಖ ಬಿಗಿಯುತ್ತಿತ್ತು. ಒಬ್ಬ ಅಜ್ಜಿ ಹೂವಿನ ಮೂಟೆಗೆ ಒರಗಿ ಕೂತಿದ್ದರು. "ಎದ್ದು ಎಲ್ಲಿಗೆ ಓಗ್ಲವ್ವ? ನಂಗೂ ಮಂಡಿ ಬತ್ತಿಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತು ಮೈಸೂರಿನವರೆಗೆ ಶೌಚಾಲಯದ ಬಾಗಿಲಿಗೆ ಅಡ್ಡವಾಗಿ ಕೂತಿದ್ದೆ. ಹೋಗಿ ಬರುವವರೆಲ್ಲ ನನ್ನ ಕಾಲಿನ ಮೇಲೆ ದಾಟುತ್ತಿದ್ದರು.

ಅದೇ ದಿನಗಳಲ್ಲಿ ಇಂಗ್ಲೆಂಡಿನ ಡಗ್ ಪಾಲಿ ಅನ್ನುವವರ ಕೇಸು ಓದಿದೆ. 2012ರಲ್ಲಿ ಅವರು ವೆದರ್ಬಿಯಿಂದ ಲೀಡ್ಸ್‌ಗೆ ಬಸ್ ಹತ್ತಲು ಹೋದಾಗ ವೀಲ್‌ಚೇರ್ ಜಾಗದಲ್ಲಿ ಮಗು ಮಲಗಿದ್ದ ತಳ್ಳುಗಾಡಿ ಇತ್ತು. ಡ್ರೈವರ್ ಕೇಳಿದ, ತಾಯಿ ಆಗಲ್ಲ ಅಂದಳು, ಇವರು ಕೆಳಗೇ ಉಳಿದರು. 2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಂದು ಮಾತು ಕೇಳಿ ಸುಮ್ಮನಾದರೆ ಸಾಲದು, ಕಾರಣವಿಲ್ಲದೆ ಒಪ್ಪದವರಿಗೆ ಇನ್ನೊಮ್ಮೆ ಒತ್ತಿ ಹೇಳುವುದು, ಬಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು ಇವನ್ನೂ ಡ್ರೈವರ್ ಯೋಚಿಸಬೇಕು ಅಂತ. ಬಲವಂತವಾಗಿ ಇಳಿಸಿ ಅಂತ ಹೇಳಲಿಲ್ಲ. ನನಗೆ ಹೊಳೆದದ್ದು ಎರಡು. ಕೇಳುವ ಕೆಲಸ ನನ್ನೊಬ್ಬಳದಲ್ಲ, ಗಾಡಿ ನಡೆಸುವವರದ್ದೂ ಹೌದು. ಇನ್ನೊಂದು, ಪಾಲಿಯವರು ಕೇಳಿದ್ದು ಸೀಟನ್ನಲ್ಲ, ನೆಲವನ್ನು.

ನನಗೂ ಸೀಟು ಬೇಡ ಅಲ್ವಾ? ನನ್ನ ಸೀಟು ನನ್ನ ಜೊತೆಗೇ ಬರುತ್ತದೆ. ನನಗೆ ಬೇಕಿದ್ದದ್ದು ಮೂರಡಿ ಅಗಲ, ನಾಲ್ಕಡಿ ಉದ್ದದ ನೆಲ. ಮಾರನೇ ದಿನದಿಂದ ಮಾತು ಬದಲಾಯಿಸಿದೆ. "ಯಾರೂ ಏಳಬೇಡಿ, ಆ ಎರಡು ಗಂಟು ಮಾತ್ರ ಬೆಂಚಿನ ಕೆಳಗೆ ತಳ್ಳಿ, ಕುರ್ಚಿ ಗೋಡೆಗೆ ಒರಗಿ ನಿಲ್ಲಬೇಕು" ಅಂತ ಬೆರಳು ಮಾಡಿ ತೋರಿಸಿದೆ. ಅದೇ ಅಜ್ಜಿ ಪಕ್ಕದವನಿಗೆ, "ಒಸಿ ಆ ಕಡೆ ಮಡಗು ಕಣಪ್ಪ, ಆ ಮಗ ಬರ್ಲಿ" ಅಂದರು.

ಎಲ್ಲರೂ ಹಾಗಿರಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಿಟಕಿ ಕಡೆ ತಿರುಗುವವರೂ ಇರುತ್ತಾರೆ. ಅಂಥ ಕಡೆ ಗಾರ್ಡ್ ಬೇಕು. 2022ರಿಂದ ಅವರ ಹುದ್ದೆಗೆ ಟ್ರೈನ್ ಮ್ಯಾನೇಜರ್ ಅಂತ ಹೆಸರು. ನಮ್ಮ ಬೋಗಿ ಹಿಂದಿದ್ದ ದಿನ ಅವರ ಕೋಣೆ ಪಕ್ಕದಲ್ಲೇ. ಗಾಡಿ ನಿಂತ ಕೂಡಲೇ ತಮ್ಮ ಅವರಿಗೆ ಕೈ ಎತ್ತಿ ತೋರಿಸುತ್ತಾನೆ, ನಾನು ಹತ್ತುವ ಮುಂಚೆಯೇ. ಒಬ್ಬರು ಇಳಿದು ಬಂದು ಬಾಗಿಲಲ್ಲಿ ನಿಂತು, "ಇವರು ಒಳಗೆ ಕೂರೋವರೆಗೂ ನಾನು ಹಸಿರು ಬಾವುಟ ತೋರಿಸಲ್ಲ" ಅಂದರು. ಅರ್ಧ ನಿಮಿಷದಲ್ಲಿ ಜಾಗ ಆಯಿತು. ಗಾಡಿ ಹೊರಟ ಮೇಲೆ ಜಗಳ ಆದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಬಹುದು. ಆದರೆ ಒಂದು ಗಂಟೆಯ ಪ್ರಯಾಣದಲ್ಲಿ ಯಾರಾದರೂ ಬರುವಷ್ಟರಲ್ಲಿ ಶ್ರೀರಂಗಪಟ್ಟಣ ದಾಟಿರುತ್ತದೆ.

ಒಳಗೆ ಬಂದ ಮೇಲೆ ಎರಡೂ ಬ್ರೇಕ್ ಹಾಕಿ, ಕುರ್ಚಿಯನ್ನು ನೈಲಾನ್ ಪಟ್ಟಿಯಿಂದ ಕಂಬಿಗೆ ಕಟ್ಟುತ್ತೇನೆ. ಸೈಕಲ್ ಕ್ಯಾರಿಯರ್‌ಗೆ ಕಟ್ಟುವ ರಬ್ಬರ್ ಬೇಡ, ಗಾಡಿ ಜಗ್ಗಿದಾಗ ಅದು ಹಿಗ್ಗುತ್ತದೆ. ಸಂಜೆ ವಾಪಸ್ ಬರುವುದು ಸುಲಭ. ಮೈಸೂರಿನಿಂದಲೇ ಹೊರಡುವ ಗಾಡಿ ನೋಡಿ ಹತ್ತುತ್ತೇನೆ. ಅದು ಮೊದಲೇ ಬಂದು ನಿಂತಿರುತ್ತದೆ, ಎಲ್ಲರಿಗಿಂತ ಮುಂಚೆ ನಾನು ಒಳಗೆ.

ದಸರಾ ದಿನಗಳಲ್ಲಿ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಹೋದ ವರ್ಷ ಜಂಬೂಸವಾರಿಯ ಹಿಂದಿನ ದಿನ ಬಾಗಿಲವರೆಗೂ ಜನ ನೇತಾಡುತ್ತಿದ್ದರು. ನೆಲ ಕೇಳೋಣ ಅಂದರೆ ನೆಲವೇ ಕಾಣುತ್ತಿರಲಿಲ್ಲ. ಎರಡು ಗಾಡಿ ಬಿಟ್ಟೆ. ಮೂರನೆಯದಕ್ಕೂ ಹತ್ತಲಾಗದೆ ಮನೆಗೆ ಬಂದೆ. ಈ ವರ್ಷ ಆ ದಿನಗಳಿಗೆ ಮುಂಚೆಯೇ ರಜೆ ಬರೆದುಕೊಟ್ಟಿದ್ದೇನೆ. ಜೊತೆಗೆ, ದಸರಾ ವಾರದಲ್ಲಿ ಆ ಬೋಗಿಯ ಬಾಗಿಲಲ್ಲಿ ಒಬ್ಬ ಸಿಬ್ಬಂದಿಯನ್ನು ನಿಲ್ಲಿಸಿ ಅಂತ ರೈಲ್ವೆಗೆ ಅರ್ಜಿಯನ್ನೂ ಕೊಟ್ಟಿದ್ದೇನೆ.