ಬ್ಯಾಟರಿ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಬ್ಬರು ಒಂದೇ ವರ್ಷದಲ್ಲಿ ಎರಡು ಹೊಸ ಬ್ಯಾಟರಿ ಹಾಕಿಸಿದರು. ಮೂರನೆಯ ಸಲ ಕಾರು ಮುಷ್ಕರ ಹೂಡಿದಾಗ ನಾನೂ ಬಗ್ಗಿ ನೋಡಿದೆ. ಬ್ಯಾಟರಿಯ ಮೈನಸ್ ಗೂಟಕ್ಕೆ ವೈರು ಬಿಗಿಯುವ ಕ್ಲ್ಯಾಂಪು ಕೈಯಲ್ಲೇ ಗರಗರ ತಿರುಗುತ್ತಿತ್ತು. 10 ಎಂಎಂ ಸ್ಪ್ಯಾನರಿನಲ್ಲಿ ಎರಡು ಸುತ್ತು ಬಿಗಿ ಮಾಡಿದೆ. ಅಷ್ಟೇ ಕಾಯಿಲೆ.

ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ಕಿವಿ ಕೊಡಿ. ಕೀ ತಿರುಗಿಸಿದಾಗ ‘ಕಟಕಟಕಟ’ ಅಂತ ಬೇಗಬೇಗ ಸದ್ದು ಬಂದರೆ ಕರೆಂಟು ಸಾಲುತ್ತಿಲ್ಲ. ಲೈಟು ಚೆನ್ನಾಗಿ ಉರಿಯುತ್ತಿದ್ದು ಒಂದೇ ಸಲ ‘ಟಕ್’ ಅಂದು ಸುಮ್ಮನಾದರೆ ಸ್ಟಾರ್ಟರ್ ಮೋಟಾರಿನ ಮೇಲೆ ಅನುಮಾನ ಪಡಿ. ಸದ್ದೇ ಇಲ್ಲದಿದ್ದರೆ ಕ್ಲಚ್ ಅಥವಾ ಬ್ರೇಕ್ ಪೂರ್ತಿ ಒತ್ತಿದ್ದೀರಾ ನೋಡಿಕೊಳ್ಳಿ. ನಗಬೇಡಿ, ಇದಕ್ಕೇ ಮೆಕ್ಯಾನಿಕ್ ಕರೆಸಿದವರನ್ನು ಕಂಡಿದ್ದೇನೆ.

ಈಗ ಮಲ್ಟಿಮೀಟರ್, ಅಂದರೆ ವೋಲ್ಟ್, ಕರೆಂಟು ಅಳೆಯುವ ಮೀಟರ್. ಐನೂರು ರೂಪಾಯಿಯೊಳಗೆ ಸಿಗುವುದು ಸಾಕು. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಪುಟ್ಟ ವೋಲ್ಟ್‌ಮೀಟರ್ ಮಾತ್ರ ಬೇಡ. ಅದು ಅಳೆಯುವುದು ಉದ್ದದ ವೈರಿನ ತುದಿಯಲ್ಲಿ, ಬ್ಯಾಟರಿಯ ಮೇಲಲ್ಲ. ಮೀಟರಿನ ಡಯಲನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕಪ್ಪು ವೈರು ‘ಕಾಮ್’ ತೂತಿಗೆ, ಕೆಂಪು ವೈರು ವೋಲ್ಟ್ ತೂತಿಗೆ. ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ ಬ್ಯಾಟರಿ ಮುಟ್ಟಿದರೆ ನೇರ ಶಾರ್ಟ್. ಕಿಡಿ ಹಾರುತ್ತದೆ, ಮೀಟರ್ ಸುಟ್ಟುಹೋಗುತ್ತದೆ, ಕೈಯೂ ಸುಡಬಹುದು.

ಜಾಸ್ತಿ ಜನ ಎಡವುವುದು ಇಲ್ಲಿಂದ ಮುಂದೆ. ಆಫೀಸಿನಿಂದ ಬಂದ ತಕ್ಷಣ ಬಾನೆಟ್ ಎತ್ತಿ ಅಳೆಯುತ್ತಾರೆ. 12.8 ತೋರಿಸುತ್ತದೆ. ‘ಬ್ಯಾಟರಿ ಫಸ್ಟ್ ಕ್ಲಾಸ್’ ಅಂದುಕೊಳ್ಳುತ್ತಾರೆ. ಬೆಳಗ್ಗೆ ಕಾರು ಏಳುವುದಿಲ್ಲ. ಓಡಿಸಿದ ಮೇಲೆ ಕೆಲವು ಗಂಟೆ ಬ್ಯಾಟರಿಯ ಮೇಲ್ಮೈಯಲ್ಲಿ ಸುಳ್ಳು ಚಾರ್ಜ್ ನಿಂತಿರುತ್ತದೆ, ಕಾಯಿಸಿದ ಹಾಲು ಉಕ್ಕಿ ಪಾತ್ರೆ ತುಂಬಿದಂತೆ ಕಾಣುತ್ತದಲ್ವಾ, ಹಾಗೆ. ಆದ್ದರಿಂದ ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಅಳೆಯಿರಿ. ಬಾಗಿಲು ತೆಗೆದು ಬಾನೆಟ್ ಎತ್ತಿ, ಮತ್ತೆ ಬಾಗಿಲು ಹಾಕಿ ಹತ್ತು ನಿಮಿಷ ಬಿಡಿ. ಒಳಗಿನ ದೀಪ ಆರಲಿ. 12.6ರ ಆಸುಪಾಸು ಬಂದರೆ ಪೂರ್ತಿ ಚಾರ್ಜ್. 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಖಾಲಿ ಅಂತಲೇ ಲೆಕ್ಕ.

ಖಾಲಿ ಆಗಿದೆ ಅಂದರೆ ಕೆಟ್ಟಿದೆ ಅಂತಲ್ಲ! ಅಂಗಡಿಯವನು ಈ ಎರಡನ್ನೂ ಒಂದೇ ಮಾಡಿ ಮಾರುತ್ತಾನೆ. ಚಾರ್ಜರಿನಲ್ಲಿ ನಿಧಾನಕ್ಕೆ, ರಾತ್ರಿಯಿಡೀ ಚಾರ್ಜ್ ಮಾಡಿ, ಮತ್ತೆ ಕೆಲವು ಗಂಟೆ ಬಿಟ್ಟು ಅಳೆಯಿರಿ. ಇನ್ನೊಂದು ಬ್ಯಾಟರಿಯಿಂದ ವೈರು ಎಳೆದು ಜಂಪ್ ಸ್ಟಾರ್ಟ್ ಮಾಡಿ ಹಾಲಿನ ಬೂತ್‌ವರೆಗೆ ಹೋಗಿ ಬಂದರೆ ಬ್ಯಾಟರಿ ತುಂಬುವುದಿಲ್ಲ.

ಎರಡನೆಯ ಅಳತೆಗೆ ಇನ್ನೊಬ್ಬರು ಬೇಕು. ಮೀಟರಿನ ವೈರುಗಳ ತುದಿಯ ಮುಳ್ಳುಗಳನ್ನು ಕ್ಲ್ಯಾಂಪಿಗಲ್ಲ, ನಡುವಿನ ಸೀಸದ ಗೂಟಕ್ಕೇ ಒತ್ತಿ ಹಿಡಿಯಿರಿ. ವೈರು, ತೋಳು, ಜಡೆ ಯಾವುದೂ ಎಂಜಿನ್ ಬೆಲ್ಟಿನ ಹತ್ತಿರ ಬಾರದಿರಲಿ. ಅವರು ಕೀ ತಿರುಗಿಸಲಿ. ಎಂಜಿನ್ ತಿರುಗುವ ಆ ಎರಡು ಸೆಕೆಂಡಿನಲ್ಲಿ 10 ವೋಲ್ಟಿನ ಮೇಲಿದ್ದರೆ ಬ್ಯಾಟರಿ ಗಟ್ಟಿ. ನಿಂತಾಗ 12.6 ತೋರಿಸಿದ್ದು ಈಗ 9.6ಕ್ಕಿಂತ ಕೆಳಗೆ ಬಿದ್ದರೆ ಅದರ ಆಯಸ್ಸು ಮುಗಿದಿದೆ. ಹೊಸದು ತನ್ನಿ, ಹಳೆಯದನ್ನು ಬದಲಿಗೆ ಕೊಟ್ಟು ಬೆಲೆ ಇಳಿಸಿಕೊಳ್ಳಿ.

ಮೂರನೆಯ ಅಳತೆಯನ್ನು ಯಾರೂ ಮಾಡುವುದಿಲ್ಲ. ನನಗೆ ಅತಿ ಇಷ್ಟವಾದದ್ದು ಇದೇ. ಒಂದು ಮುಳ್ಳು ಮೈನಸ್ ಗೂಟದ ಮೇಲೆ, ಇನ್ನೊಂದು ಅದೇ ಮೈನಸ್ ಕ್ಲ್ಯಾಂಪಿನ ಮೇಲೆ. ಈಗ ಸ್ಟಾರ್ಟ್ ಮಾಡಿಸಿ. ಸೊನ್ನೆಗೆ ಹತ್ತಿರ ಇರಬೇಕು. 0.2 ವೋಲ್ಟ್ ದಾಟಿದರೆ ವೋಲ್ಟೇಜ್ ಅಲ್ಲೇ ಕಳೆದುಹೋಗಿ ಬಿಸಿಯಾಗುತ್ತಿದೆ, ಜೋಡಣೆ ಸರಿಯಿಲ್ಲ. ಪ್ಲಸ್ ಕಡೆಯೂ ಹೀಗೇ ನೋಡಿ. ನೆಲಮಾಳಿಗೆಯ ಆ ಕಾರಿಗೆ ಯಾರಾದರೂ ಇದೊಂದನ್ನು ಮಾಡಿದ್ದರೆ ಎರಡು ಬ್ಯಾಟರಿಯ ದುಡ್ಡು ಉಳಿಯುತ್ತಿತ್ತು.

ಜೋಡಣೆ ಸರಿಪಡಿಸುವಾಗ ಮೊದಲು ಬಿಚ್ಚುವುದು ಮೈನಸ್, ಕೊನೆಗೆ ಹಾಕುವುದೂ ಮೈನಸ್. ಪ್ಲಸ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರಿನ ಬಾಲ ಕಾರಿನ ಲೋಹದ ಮೈಗೆ ತಾಗಿ ಕಿಡಿ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುವುದರಿಂದ ಹತ್ತಿರದಲ್ಲಿ ಬೀಡಿ, ಸಿಗರೇಟು ಬೇಡವೇ ಬೇಡ. ಗೂಟ, ಕ್ಲ್ಯಾಂಪಿನ ಮೇಲೆ ಕೂತ ಬಿಳಿ-ನೀಲಿ ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಒರೆಸಿ, ಬಿಗಿ ಮಾಡಿ, ಆಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಸವರಿ. ಕೋಲಾ ಸುರಿಯುವ ವೀಡಿಯೊಗಳನ್ನು ನಂಬಬೇಡಿ. ಪುಡಿ ಹೋಗುತ್ತದೆ, ಸಕ್ಕರೆ ಅಂಟು ಉಳಿಯುತ್ತದೆ, ಇರುವೆಗೆ ಹಬ್ಬ.

ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡುವುದು ಸುಲಭ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟು, ಬ್ಲೋವರ್ ಎಲ್ಲ ಹಾಕಿದರೂ 13ರ ಮೇಲೆ ನಿಲ್ಲಬೇಕು. 12ರಲ್ಲೇ ಇದ್ದು ಇಳಿಯುತ್ತಾ ಹೋದರೆ ಮೊದಲು ಬೆಲ್ಟ್ ಸಡಿಲವಾಗಿದೆಯಾ ನೋಡಿ. ಎಂಜಿನ್ ಆಫ್ ಮಾಡಿಯೇ ನೋಡಿ. 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ. ಈಚಿನ ಕೆಲವು ಕಾರುಗಳಲ್ಲಿ ಈ ವೋಲ್ಟೇಜನ್ನು ಕಂಪ್ಯೂಟರ್ ಏರಿಸಿ ಇಳಿಸಿ ಮಾಡುತ್ತದೆ. ಅಲ್ಲಿ ಕಡಿಮೆ ಕಂಡರೆ ಗಾಬರಿ ಬೇಡ, ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ಅಳೆಯಿರಿ.

ಓಡುವ ಕಾರಿನ ಬ್ಯಾಟರಿ ವೈರು ಕಿತ್ತು ‘ಎಂಜಿನ್ ನಿಲ್ಲಲಿಲ್ಲ, ಆಲ್ಟರ್ನೇಟರ್ ಸರಿ ಇದೆ’ ಅನ್ನುವ ಮೆಕ್ಯಾನಿಕ್ ಇನ್ನೂ ಇದ್ದಾನೆ. ಅದು ಅಂಬಾಸಿಡರ್ ಕಾಲದ ಬುದ್ಧಿ. ಈಗಿನ ಕಾರಿನಲ್ಲಿ ಆ ಕ್ಷಣ ವೋಲ್ಟೇಜ್ ಹಾರಿ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಟ್ಟೀತು. ಅವನ ಕೈ ಹಿಡಿದು ತಡೆಯಿರಿ.

ಫ್ಯೂಸ್ ಸುಟ್ಟಿದೆಯಾ ಅಂತ ಅದನ್ನು ಕೀಳದೆಯೇ ನೋಡಬಹುದು. ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕಿಗಳಿರುತ್ತವೆ. ಆ ಫ್ಯೂಸಿಗೆ ಕರೆಂಟು ಬರುವಂತೆ ಕೀ ಆನ್ ಮಾಡಿ, ಕಪ್ಪು ಮುಳ್ಳನ್ನು ಕಾರಿನ ಲೋಹದ ಮೈಗೆ ಒತ್ತಿ, ಕೆಂಪು ಮುಳ್ಳಿನಿಂದ ಎರಡೂ ಚುಕ್ಕಿ ಮುಟ್ಟಿ. ಎರಡರಲ್ಲೂ 12 ಬಂದರೆ ಸರಿ ಇದೆ, ಒಂದರಲ್ಲಿ ಮಾತ್ರ ಬಂದರೆ ಸುಟ್ಟಿದೆ. ಬದಲಿಸುವಾಗ ಅದೇ ಬಣ್ಣದ್ದೇ ಹಾಕಿ: ಕೆಂಪು 10 ಆಂಪ್, ನೀಲಿ 15, ಹಳದಿ 20, ಹಸಿರು 30. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವವರು ಫ್ಯೂಸ್ ಬದಲು ವೈರಿಂಗ್ ಸುಡುತ್ತಾರೆ. ಹೊಸದೂ ತಕ್ಷಣ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಇಲಿ ಕಡಿದ ವೈರು ಹುಡುಕಿ, ಅಗ್ಗದ ಮೊಬೈಲ್ ಚಾರ್ಜರ್ ಕಿತ್ತು ನೋಡಿ.

ಬ್ಯಾಟರಿ, ಆಲ್ಟರ್ನೇಟರ್ ಎರಡೂ ಸರಿ ಇದ್ದು ಎರಡು ದಿನ ನಿಲ್ಲಿಸಿದರೆ ಖಾಲಿಯಾಗುತ್ತಿದೆಯಾ? ಹಾಗಾದರೆ ಯಾವುದೋ ಗುಟ್ಟಾಗಿ ಕರೆಂಟು ಕುಡಿಯುತ್ತಿದೆ. ಕಾರು ಬೀಗ ಹಾಕಿ ಅರ್ಧ ಗಂಟೆ ಮಲಗಲು ಬಿಡಿ. ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ ಪ್ರತಿ ಫ್ಯೂಸಿನ ಎರಡು ಚುಕ್ಕಿಗಳ ನಡುವೆ ಅಳೆಯುತ್ತಾ ಹೋಗಿ. ಸೊನ್ನೆ ಬಂದ ಕಡೆ ಕರೆಂಟು ಹರಿಯುತ್ತಿಲ್ಲ. ಗಡಿಯಾರ, ಅಲಾರಂ ಇರುವ ಕಡೆ ಚೂರುಪಾರು ಬರುವುದು ಸಹಜ. ಒಂದರಲ್ಲಿ ಮಾತ್ರ ಅಂಕಿ ಎದ್ದು ಕಂಡರೆ ಕಳ್ಳ ಆ ದಾರಿಯಲ್ಲಿದ್ದಾನೆ. ನನ್ನ ಕಾರಿನಲ್ಲಿ ಸಿಕ್ಕಿದ್ದು ನಾನೇ ಸಿಕ್ಕಿಸಿದ ಡ್ಯಾಶ್‌ಕ್ಯಾಮ್.