ಸೈಟಿಗೆ ನುಗ್ಗಿದವರ ಮೇಲೆ ದಾವೆ: ವಕೀಲಿಕೆಯ ಅನುಭವ

ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಬೇಕೆಂದು ಬರುವವರು ಮೊದಲು ಕ್ರಯಪತ್ರ ಮುಂದಿಡುತ್ತಾರೆ. ನಾನು ಕೇಳುವುದು, ಇವತ್ತು ಜಾಗ ಯಾರ ಸ್ವಾಧೀನದಲ್ಲಿದೆ ಎಂದು. ಅತಿಕ್ರಮ ಪ್ರವೇಶ ಎಂದರೆ ಮುಖ್ಯವಾಗಿ ಸ್ವಾಧೀನದ ಮೇಲಿನ ದಾಳಿ. ಬಾಡಿಗೆದಾರನ ಮನೆಗೆ ಮಾಲೀಕನೇ ಬೀಗ ಒಡೆದು ನುಗ್ಗಿದರೂ ಅದು ಅತಿಕ್ರಮವೇ. ಕಾಸಿನ ನಷ್ಟ ಆಗಿರಬೇಕೆಂದೇನೂ ಇಲ್ಲ.

ಕೆಂಗೇರಿ ಕಡೆಯ 30x40 ಸೈಟಿನ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಯಾರೋ ಅವರ ಬೇಲಿ ಕಿತ್ತು, ಒಂದು ಲೋಡು ಜಲ್ಲಿ ಸುರಿದು, ಪಾಯಕ್ಕೆ ಸುಣ್ಣದ ಗೆರೆ ಎಳೆದಿದ್ದರು. "ಸ್ಟೇಷನ್ನಲ್ಲಿ ಸಿವಿಲ್ ಮ್ಯಾಟರ್ ಅಂದ್ಬಿಟ್ರು ಸರ್, ಆಳು ಕರ್ಕೊಂಡು ಹೋಗಿ ನಾವೇ ತೆಗೆಸ್ಲಾ?" ಅಂದರು. "ಬೇಡಿ ಮೇಷ್ಟ್ರೇ, ಹೊಡೆದಾಟ ಆದ್ರೆ ಕೇಸು ನಿಮ್ಮ ಮೇಲೂ ಬೀಳುತ್ತೆ" ಅಂದೆ. ಅತಿಕ್ರಮ ಪ್ರವೇಶವನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಹಚ್ಚಲು ಅಪರಾಧ ಎಸಗುವ, ಇಲ್ಲವೇ ಸ್ವಾಧೀನದಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಉದ್ದೇಶ ತೋರಿಸಬೇಕು. ಸಿವಿಲ್ ದಾವೆಗೆ ಅದು ಬೇಡ.

ಮರುದಿನವೇ ಟೇಪು ಹಿಡಿದು ಸೈಟಿನ ಮೂಲೆಯಲ್ಲಿ ನಿಂತು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ತಾಳೆ ನೋಡಿದೆ. ಜಲ್ಲಿ ಸುರಿಸಿದ್ದ ಎದುರುದಾರನ ಕ್ರಯಪತ್ರದಲ್ಲಿ ರಸ್ತೆ ಉತ್ತರಕ್ಕಿತ್ತು, ಇಲ್ಲಿ ರಸ್ತೆ ಇರುವುದು ಪೂರ್ವಕ್ಕೆ. ಸರ್ವೆ ನಂಬರ್ ಒಂದೇ, ಸೈಟು ಬೇರೆ! ನಮ್ಮ ಊರಿನ ರೆವಿನ್ಯೂ ಲೇಔಟುಗಳಲ್ಲಿ (ಅನುಮೋದನೆಯಿಲ್ಲದೆ ಕೃಷಿ ಜಮೀನನ್ನು ಸೈಟು ಮಾಡಿದ ಬಡಾವಣೆಗಳು) ಅರ್ಧ ಜಗಳದ ಮೂಲ ಇದೇ ಎಂಬುದು ನನ್ನ ಅನಿಸಿಕೆ. ದಾವೆಯ ಷೆಡ್ಯೂಲನ್ನು, ಅಂದರೆ ಆಸ್ತಿಯ ಅಳತೆ-ಗಡಿಗಳ ವಿವರವನ್ನು, ಗುಮಾಸ್ತರಿಗೆ ಬಿಡದೆ ನಾನೇ ಬರೆಯುವುದು ಅದಕ್ಕೇ.

ಖಾಲಿ ಸೈಟಾದರೆ ಮಾಲೀಕತ್ವದ ಹಕ್ಕು ಯಾರದೋ ಸ್ವಾಧೀನವೂ ಅವರದೇ ಎಂದು ಕೋರ್ಟು ನೋಡುತ್ತದೆ. ಆದರೆ ಹಕ್ಕಿನ ಬಗ್ಗೆಯೇ ಗಂಭೀರ ತಕರಾರಿದ್ದರೆ ಬರೀ ತಡೆಯಾಜ್ಞೆ ಸಾಲದು, ಹಕ್ಕು ಘೋಷಣೆಯನ್ನೂ ಕೇಳಬೇಕೆಂದು ಸುಪ್ರೀಂ ಕೋರ್ಟು 2008ರ ಅನಾಥುಲ ಸುಧಾಕರ್ ತೀರ್ಪಿನಲ್ಲಿ ಹೇಳಿದೆ. ಹಾಗಾಗಿ ಎರಡನ್ನೂ ಕೇಳಿದೆ. ಖಾತೆ, ಇ.ಸಿ. (ಋಣಭಾರ ಪತ್ರ), ತೆರಿಗೆ ರಸೀದಿಗಳ ಜೊತೆ ಹಳೇ ಬೇಲಿಯ ಫೋಟೊಗಳನ್ನೂ ಪಕ್ಕದ ಮನೆಯವರ ಅಫಿಡವಿಟ್ಟನ್ನೂ ಇಟ್ಟೆ. ಮೇಷ್ಟ್ರನ್ನು ಪೂರ್ತಿ ಹೊರಹಾಕಿದ್ದರೆ ದಾರಿ ಬೇರೆಯಾಗುತ್ತಿತ್ತು: ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ 6 ತಿಂಗಳೊಳಗೆ ದಾವೆ ಹಾಕಿದರೆ ಹಕ್ಕಿನ ಪ್ರಶ್ನೆಗೆ ಹೋಗದೆ ಸ್ವಾಧೀನ ವಾಪಸ್ ಪಡೆಯಬಹುದು.

ಏಕಪಕ್ಷೀಯ, ಅಂದರೆ ಎದುರುದಾರನ ಮಾತು ಕೇಳುವ ಮುನ್ನವೇ ಕೊಡುವ, ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಎದುರುದಾರನಿಗೆ ಅರ್ಜಿ, ದಾವೆ, ದಾಖಲೆಗಳ ಪ್ರತಿ ಕಳಿಸಿ, ಹಾಗೆ ಕಳಿಸಿದ್ದೇವೆಂದು ಆದೇಶ ಸಿಕ್ಕ ದಿನವೇ ಅಥವಾ ಮರುದಿನ ಕೋರ್ಟಿಗೆ ಅಫಿಡವಿಟ್ ಹಾಕಲೇಬೇಕು. ಇದನ್ನು ಮರೆತು ಆದೇಶ ಕಳೆದುಕೊಂಡವರನ್ನು ಕಂಡಿದ್ದೇನೆ. ಪಾಯದ ಕೆಲಸ ಅಲ್ಲಿಗೇ ನಿಂತಿದೆ. ಜಲ್ಲಿ ತೆರವು ಮಾಡಿಸುವ ಕೋರಿಕೆ ಇನ್ನೂ ವಿಚಾರಣೆಯಲ್ಲಿದೆ.